ಕೋಟಿನ ಅಸ್ತರು

ಅಪ್ಪನಿಗೆ ನಮಸ್ಕಾರ.

ನಿನ್ನೆ ರೈಲು ನಿಲ್ದಾಣದಲ್ಲಿ ಗುಂಡೇಟಿಗೆ ಸತ್ತ ಗೂಢಚಾರನ ಕೋಟಿನ ಅಸ್ತರಿನೊಳಗೆ ನಮ್ಮ ಸೈನ್ಯದ ನಕ್ಷೆ ಸಿಕ್ಕಿತು. ಅಸ್ತರು ಬಿಚ್ಚಿದವನು ನಾನೇ. ಎಡಗೈಯ ಓರೆ ಹೊಲಿಗೆ, ಮೂಲೆಮೂಲೆಗೂ ಜೋಡಿ ಗಂಟು.

“ಇಂಥ ಕೈಕೆಲಸ ಎಲ್ಲಾದ್ರೂ ನೋಡಿದ್ದೀಯೇನಯ್ಯಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು. ನೀವು ಹೊಲಿದುಕೊಟ್ಟ ಕೋಟನ್ನೇ ತೊಟ್ಟು ನಿಂತಿದ್ದ ನಾನು “ಇಲ್ಲ ಸಾರ್” ಎಂದೆ.

ಒಳಗೇನಿದೆಯೆಂದು ನಿಮಗೆ ಗೊತ್ತಿತ್ತೇ ಎಂದು ಕೇಳುವ ಧೈರ್ಯ ನನಗಿಲ್ಲ.

ನಾಳೆ ಊರಿನ ದರ್ಜಿಗಳನ್ನೆಲ್ಲ ಠಾಣೆಗೆ ಕರೆಸಿ, ಎದುರಿಗೇ ಹೊಲಿಸಿ ನೋಡುತ್ತಾರೆ. ಅಮ್ಮನಿಗೆ ಏನೂ ಹೇಳಬೇಡಿ. ಇದನ್ನು ಓದಿ ಒಲೆಗೆ ಹಾಕಿ. ಸೂಜಿಯನ್ನು ಬಲಗೈಯಲ್ಲೇ ಹಿಡಿಯಿರಿ. ಹೊಲಿಗೆ ಸೊಟ್ಟಗಾದರೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ನೀವು ಮಾತ್ರ ಅದನ್ನು ಬಿಚ್ಚಿ ಮತ್ತೆ ಹೊಲಿಯಲು ಹೋಗಬೇಡಿ, ಅಪ್ಪಾ.

ನಿಮ್ಮ ಮಗ