ಬಿತ್ತನೆ ಕೋಠಿಗೆ ಸಚಿವರು ಬಂದದ್ದು

12-6-2001, ಮಂಗಳವಾರ

ಇವತ್ತೂ ಅದೇ. ಮೊಟ್ಟೆ ಇಟ್ಟ ರೇಷ್ಮೆ ಚಿಟ್ಟೆಗಳನ್ನು ಅರೆಯುವುದು, ಮೈಕ್ರೋಸ್ಕೋಪಿಗೆ ಕಣ್ಣು ಕೊಡುವುದು. ಒಂದರಲ್ಲಿ ಗಂಟುರೋಗ ಸಿಕ್ಕಿತು. ಅದರ ಮೊಟ್ಟೆ ಸುಟ್ಟೆವು. ತಾಯಿಗಿದ್ದರೆ ಹುಳುವಿಗೆ ಬಂದೇ ಬರುತ್ತೆ, ಆಮೇಲೆ ಪಕ್ಕದ ಮನೆ ಹುಳುವಿಗೂ. ಹುಳು ಸಾಕುವವರು ನಮ್ಮ ಸರ್ಕಾರಿ ಕೋಠಿ ಮೊಟ್ಟೆಯೇ ಬೇಕು ಅಂತ ಕುಣಿಗಲ್ಲಿಗೆ ಬರುವುದು ಇದಕ್ಕೇ. ಕಣ್ಣು ಉರಿ.

ಗುರುವಾರ ಸಚಿವರು ಬರ್ತಾರಂತೆ. ಮುಚ್ಚುವ ಪಟ್ಟಿಯಲ್ಲಿ ನಾವೂ ಇದೀವಿ ಅಂತ ಗಾಳಿಸುದ್ದಿ. ಹೆಡ್ ಆಂಜನಪ್ಪ ಸರ್‌ಗೆ ಕೈಕಾಲೇ ಆಡುತ್ತಿಲ್ಲ. "ಒಬ್ರೂ ಒಳಗೆ ಕೂತಿರಬೇಡಿ. ಎಲ್ರೂ ಗೇಟಲ್ಲಿ ಹಾರ ಹಿಡ್ಕೊಂಡು ನಿಂತ್ಕೊಳ್ಳಿ. ಅವ್ರ ಮನಸ್ಸು ಕರಗಬೇಕು."

"ಕೆಲಸ ಮಾಡೋದನ್ನೇ ತೋರ್ಸೋಣ ಸರ್."

"ನಜೀರಾ, ಮಿನಿಸ್ಟ್ರು ಬಂದಾಗ ಎದ್ದು ಬರ್ಲಿಲ್ಲ ಅಂದ್ರೆ ಸೊಕ್ಕು ಅಂತಾರೆ ಕಣಮ್ಮ."

ಅದೂ ನಿಜವೇ.

14-6-2001, ಸಂಜೆ

ಬಂದರು. ಹಾರ ಹಾಕಿಸಿಕೊಂಡರು. ಕಿಟಕಿಯಿಂದ ಲ್ಯಾಬಿನೊಳಗೆ ಇಣುಕಿ, ನೆಟ್ಟಗೆ ಶಾಮಿಯಾನಕ್ಕೆ.

"ಕೆಲಸದ ಹೊತ್ತಲ್ಲೇ ಬಂದಿದೀನಿ. ಒಳಗೆ ಕುರ್ಚಿಗಳು ಮಾತ್ರ ಡ್ಯೂಟಿ ಮಾಡ್ತಿದ್ವು." ಸೇರಿದ್ದ ರೈತರು ನಕ್ಕರು. "ಸರ್ಕಾರ ಚಿಟ್ಟೆ ಸಾಕ್ಬೇಕೇನ್ರಪ್ಪ? ಮೊಟ್ಟೆಗೋಸ್ಕರ ನೀವು ಇವರ ಬಾಗಿಲು ಕಾಯಬೇಕಾ? ನಾವು ಕೋಠಿ ಮುಚ್ತಿಲ್ಲ. ನಿಮ್ಮನ್ನ ಬಿಡುಗಡೆ ಮಾಡ್ತಿದೀವಿ. ಇನ್ಮೇಲೆ ಮೊಟ್ಟೆ ನಿಮ್ಮ ಬಾಗಿಲಿಗೇ ಬರುತ್ತೆ."

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಹುಲಿಯೂರುದುರ್ಗದ ಪುಟ್ಟಗಂಗಮ್ಮ. ನನ್ನ ಕೈಯಿಂದಲೇ ಮೊಟ್ಟೆ ಒಯ್ಯುತ್ತಿದ್ದವಳು. ಅವಳೂ ತಟ್ಟಿದಳು.

ಮನುಷ್ಯ ಚೆನ್ನಾಗಿ ಮಾತಾಡಿದ. ಹೊಟ್ಟೆ ಉರಿಯುವುದು ಅದಕ್ಕೇ. ಕುರ್ಚಿ ಖಾಲಿ ಇದ್ದದ್ದು ಸುಳ್ಳಲ್ಲವಲ್ಲ... ಅವರಿಗಾಗಿಯೇ ಎದ್ದು ಬಂದಿದ್ದೆವು ಅಂತ ಕೂಗಿ ಹೇಳಬೇಕಿತ್ತು.

3-9-2001

ಆರ್ಡರ್ ಬಂತು. "ರೈತರ ಸಬಲೀಕರಣದ ದೃಷ್ಟಿಯಿಂದ" ಅಂತ ಶುರು. ಮೈಕ್ರೋಸ್ಕೋಪುಗಳನ್ನು ಲಾರಿಗೆ ತುಂಬಿ ತುಮಕೂರಿಗೆ ಕಳಿಸಿದರು, ಗೋಡೌನಿಗಂತೆ. ನನಗೆ ಗುಬ್ಬಿಯಲ್ಲಿ ಟಪಾಲು ನೋಡುವ ಕೆಲಸ. ಆಂಜನಪ್ಪ ಸರ್ ಬೀಗ ಹಾಕಿ, ಅಲ್ಲೇ ಕಟ್ಟೆ ಮೇಲೆ ಕೂತು ಅತ್ತರು. ಗೇಟಲ್ಲಿ ನಿಲ್ಲಿಸಿದ್ದಕ್ಕೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಆಗಲಿಲ್ಲ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಅಂದರು, "ಸಂಬಳ ಬರುತ್ತಲ್ಲ, ಬಿಡು." ತಟ್ಟೆ ಕುಕ್ಕಿ ಎದ್ದೆ.

19-1-2002, ಶನಿವಾರ

ಗುಬ್ಬಿಯಿಂದ ಬಂದು ಬುರ್ಖಾ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ಪುಟ್ಟಗಂಗಮ್ಮ. ಸೆರಗಿನಲ್ಲಿ ಹುಳು ಕಟ್ಟಿಕೊಂಡು ಬಂದಿದ್ದಳು. ಹುಳುಗಳ ಮೈಮೇಲೆಲ್ಲ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ.

"ಮೊಟ್ಟೆ ಎಲ್ಲಿಂದು?"

"ವ್ಯಾನಲ್ಲಿ ತಂದುಕೊಟ್ರು ನಜೀರಕ್ಕ."

"ಪರೀಕ್ಷೆ ಮಾಡಿದ್ರಾ?"

"ಪ್ಯಾಕೆಟ್ ಮ್ಯಾಲೆ ಮಿನಿಸ್ಟ್ರು ಫೋಟೋ ಐತೆ. ಮಾಡಿರ್ತಾರೆ ಅಂದ್ಕಂಡೊ. ಮಿಷನ್ನಲ್ಲಿ ಒಂದ್ಸಲ ನೋಡಿ ಹೇಳಕ್ಕ."

ಮಿಷನ್ನು ಎಲ್ಲಿದೆ ನೋಡಲು. ಬೇಕಾಗಿಯೂ ಇರಲಿಲ್ಲ, ಗಂಟುರೋಗ ಬರಿಗಣ್ಣಿಗೇ ಕಾಣುತ್ತಿತ್ತು.

"ಎಲ್ಲಾ ಸುಟ್ಟುಬಿಡು ಗಂಗಮ್ಮ. ಹುಳು ಸಾಕೋ ತಟ್ಟೆನೂ ಬಿಡಬೇಡ. ಅಕ್ಕಪಕ್ಕದವ್ರದೂ..."

"ಬೀದಿಯೋರ್ದೆಲ್ಲಾ ಹಿಂಗೇ ಆಗೈತೆ." ಹೊಸ್ತಿಲಲ್ಲೇ ಕುಸಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆಮೇಲೆ ಕೇಳಿದಳು, "ಇದ್ನ ಯಾರ್ಗೆ ಹೇಳ್ಬೇಕಕ್ಕ?"

"ಕೋಠಿಗೆ ಹೋಗಿ ಹೇಳು" ಅಂದುಬಿಟ್ಟೆ.

ತಲೆಯೆತ್ತಿ ನನ್ನನ್ನೇ ನೋಡಿದಳು. ಕೋಠಿಗೆ ಬೀಗ ಬಿದ್ದು ನಾಲ್ಕು ತಿಂಗಳಾಯಿತು ಅನ್ನುವುದು ನನಗೆ ಆಗ ಹೊಳೆಯಿತು.