ಚುಕ್ಕಿದೋಣಿಯ ಕಪ್ತಾನ

ರಾವೂರ
ತಾ. ೧೪-೩-೧೯೭೬, ರವಿವಾರ

ಪ್ರೀತಿಯ ಮಗ ಚಂದ್ರಶಾ,

ನಿನ್ನ ಕೆಮ್ಮು ಕಡಿಮೆಯಾಯಿತೋ ಇಲ್ಲವೋ ಮೊದಲು ಅದನ್ನು ಹೇಳು. ಮುಂಬಯಿಯ ಖಾನಾವಳಿಯ ಚಪಾತಿ ತಿಂದು ಹೊಟ್ಟೆ ಬಿಗಿಯುತ್ತದೆ ಎಂದು ಬರೆದಿದ್ದಿ. ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿದ್ದೇನೆ. ದಿನವೆಲ್ಲ ಬಗ್ಗಿ ಚಿತ್ರ ಬರೆಯುವವನು ಕಣ್ಣಿಗೆ ಆಗಾಗ ತಣ್ಣೀರು ಹಚ್ಚಿಕೊ. ನನ್ನ ಮೈ ನೆಟ್ಟಗಿದೆ. ಮನಸ್ಸು ಮಾತ್ರ ನೆಟ್ಟಗಿಲ್ಲ. ಯಾಕೆಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯಲು ಕುಳಿತಿದ್ದೇನೆ.

ನೀವೆಲ್ಲ ಕೂಡಿ ಬರೆಯುವ, ಚಿತ್ರಗಳೇ ನಡೆದಾಡುವ ಆಟ ನಮ್ಮೂರ ಸಾಲೆಯ ಟೀವಿಯಲ್ಲಿ ಬರುತ್ತದೆ, ನೋಡವ್ವಾ ಎಂದು ದೀಪಾವಳಿಗೆ ಬರೆದಿದ್ದಿಯಲ್ಲ, ಅಂದಿನಿಂದ ಒಂದು ಸಂಜೆಯೂ ತಪ್ಪಿಸಿಲ್ಲ. ಸಾಲೆಯ ಮಾಳಿಗೆ ಮೇಲೆ ದೊಡ್ಡ ಕೊಡೆ ಬಿಚ್ಚಿಟ್ಟಂಥ ಜಾಳಿಗೆ ಇದೆ. ಗುರುಲಿಂಗಯ್ಯ ಮಾಸ್ತರರು ಪೆಟ್ಟಿಗೆಯ ಕದ ತೆರೆಯುವ ಹೊತ್ತಿಗೆ ಅರ್ಧ ಊರು ಅಂಗಳದಲ್ಲಿ ಕುಳಿತಿರುತ್ತದೆ. ನಿಮ್ಮ ಚಿಮಣಿ ಎಂಬ ಹುಡುಗಿ, ಅವಳ ಹಿಂದೆ ಮುಂದೆ ಸುಳಿಯುವ ಹೋತ, ಇಬ್ಬರೂ ನಮ್ಮ ಓಣಿಯವರೇ ಆಗಿಬಿಟ್ಟಿದ್ದಾರೆ. ಆ ಚಿಮಣಿಗೆ ರೇಡಿಯೋದಲ್ಲಿ ಬರುವ ‘ಚುಕ್ಕಿದೋಣಿ’ ಕಥೆ ಎಂದರೆ ಜೀವ. ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುವುದಿಲ್ಲ, ಹೋತನ ಬಾಯಿ ಹಿಡಿದುಕೊಂಡು ಕೇಳುತ್ತಾಳೆ. ರೇಡಿಯೋ ಮಾತಾಡತೊಡಗಿದರೆ ಚಿತ್ರವೆಲ್ಲ ಕಪ್ಪು ಆಕಾಶವಾಗಿ, ಚುಕ್ಕಿಯಿಂದ ಚುಕ್ಕಿಗೆ ಹೋಗುವ ಆ ದೋಣಿ ಕಾಣುತ್ತದೆ. ನಮ್ಮ ಹುಡುಗರಿಗೂ ಈಗ ಅದೇ ಹುಚ್ಚು. ಓಣಿಗೆ ಹಾಸಿದ ಫರಸಿ ಕಲ್ಲಿನ ಮೇಲೆಲ್ಲ ಸುಣ್ಣದಿಂದ ಆ ದೋಣಿಯನ್ನೇ ಬರೆಯುತ್ತಾರೆ.

ಆದರೆ ಆ ದೋಣಿಯ ಕಪ್ತಾನ ಬಂದ ದಿನ ನಾನು ಕಂಡದ್ದು ಥೇಟ್ ನಿಮ್ಮಪ್ಪನನ್ನೇ. ಎಡಗಾಲು ಸ್ವಲ್ಪ ಎಳೆದು ನಡೆಯುವುದು, ಮಾತಿಗೆ ಮುಂಚೆ ಮೀಸೆ ಒರೆಸಿಕೊಳ್ಳುವುದು, ಕೊರಳಲ್ಲಿ ಅವರು ಕಲ್ಲಿನ ಖಣಿಗೆ ಹಾಕಿಕೊಂಡು ಹೋಗುವಂಥದೇ ಕರಿ ದಾರದ ಸೀಟಿ. ಹುಡುಗರೂ ಗುರುತು ಹಿಡಿದರು. ನಿಮ್ಮಪ್ಪ ಓಣಿಯಲ್ಲಿ ಹಾದರೆ ಹಿಂದಿನಿಂದ ‘ಕಪ್ತಾನ’ ಎಂದು ಕೂಗುತ್ತಿದ್ದರು. ಅವರು ಟೀವಿ ನೋಡಿದವರಲ್ಲ. ಯಾಕೆ ಹಾಗೆ ಅಂತಾರೆ ಎಂದು ನನ್ನನ್ನು ಕೇಳಿದರು. ನಾನು ನಕ್ಕು, ಮಗ ನಿಮ್ಮನ್ನು ಮರೆತಿಲ್ಲ, ಚಿತ್ರ ತೆಗೆದಿದ್ದಾನೆ ಎಂದೆ. ಅವರು ಆ ಸಂಜೆ ಬಿಳಿ ಅಂಗಿ ಹಾಕಿಕೊಂಡು ಸಾಲೆಗೆ ಬಂದರು. ಮುಂದೆ ಕೂಡ್ರಲು ನಾಚಿಕೆ, ಬೇವಿನ ಗಿಡಕ್ಕೆ ಆತು ನಿಂತರು.

ಆ ಸಂಜೆ ಏನು ತೋರಿಸಿದಿರೆಂದು ನಿನಗೆ ಗೊತ್ತು. ದೋಣಿ ಒಂದು ಕಲ್ಲಿನ ಚುಕ್ಕಿಯ ಮೇಲೆ ಇಳಿದಿತ್ತು. ಬೆಂಕಿಯ ಮಳೆ ಬರುತ್ತದೆಂದು ಕಪ್ತಾನ ಅವಸರ ಮಾಡಿದ. ಎಲ್ಲರೂ ಒಳಗೆ ಬಂದರೋ ಇಲ್ಲವೋ ತಿರುಗಿ ನೋಡದೆ ಸೀಟಿ ಊದಿದ. ಕದ ಮುಚ್ಚಿತು. ಹೊರಗೆ ಒಬ್ಬ ಹುಡುಗ ಉಳಿದ. ಚಿಮಣಿ ರೇಡಿಯೋಕ್ಕೆ ಬಾಯಿ ಹಚ್ಚಿ, ಹಿಂದೆ ನೋಡು ಕಪ್ತಾನ ಎಂದು ಕೂಗಿದಳು. ಅವಳ ಜೊತೆ ಅಂಗಳದ ಹುಡುಗರೆಲ್ಲ ಕೂಗಿದರು. ಆಮೇಲೆ ಕಪ್ತಾನ ಉಳಿದವರಿಗೆ, ತಪ್ಪು ಆ ಹುಡುಗನದೇ, ಸೀಟಿ ಕೇಳಿದ ಮೇಲೆ ಇಳಿದು ಹೋದ ಎಂದು ಹೇಳಿದ. ನನ್ನ ಪಕ್ಕದಲ್ಲಿ ಮೌಲಾಲಿಯ ತಾಯಿ ಜೈತುನ್ಬೀ ಕುಳಿತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮ ಮೌಲಾಲಿನೂ ಹಿಂಗೇ ಅವಸರಗೇಡಿ ಇದ್ದ ನೋಡವ್ವ" ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ನಿಮ್ಮಪ್ಪ ಗಿಡದ ಬುಡದಲ್ಲಿ ಕುಸಿದು ಕುಳಿತಿದ್ದರು.

ಚಂದ್ರಶಾ, ನಾಲ್ಕು ವರ್ಷದ ಹಿಂದೆ ಖಣಿಯಲ್ಲಿ ಕಲ್ಲೊಡೆಯುವ ಮದ್ದು ಹಾರಿದಾಗ ಮೌಲಾಲಿ ಸತ್ತದ್ದು, ಆ ವಾರವೇ ನೀನು ಮನೆ ಬಿಟ್ಟದ್ದು, ಇವೆರಡಕ್ಕೂ ಸಂಬಂಧವಿದೆಯೆಂದು ನನಗೆ ಯಾರು ಹೇಳಿದ್ದರು? ಖಣಿ ಕೆಲಸ ಒಲ್ಲೆ ಎಂದ, ಎರಡು ಏಟು ಹಾಕಿದೆ, ಸಿಟ್ಟಿಗೆ ಹೋದ ಎಂದು ನಿಮ್ಮಪ್ಪ ಹೇಳಿದ್ದರು. ನಾನು ನಂಬಿದ್ದೆ. ಒಬ್ಬ ತಾಯಿಗೆ ಹೇಳಲಾಗದ್ದನ್ನು ನೀನು ಊರಿಗೆಲ್ಲ ಚಿತ್ರ ಬರೆದು ತೋರಿಸಿದಿ. ಅದರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೆ ಯಾರ ಮೇಲೆ ಎಷ್ಟು ಸಿಟ್ಟಾಗಬೇಕೆಂಬುದೇ ತಿಳಿಯುತ್ತಿಲ್ಲ. ಮನೆಗೆ ಬಂದ ಮೇಲೆ ನಿಮ್ಮಪ್ಪ ಎಲ್ಲ ಬಿಚ್ಚಿ ಹೇಳಿದರು. ಮಾಲೀಕನ ಲಾರಿಗಳು ಕಾಯುತ್ತಿದ್ದವು. ಮದ್ದಿಗೆ ಕಿಚ್ಚು ಇಡುವ ಮೊದಲು ಖಣಿಯ ಅಂಚಿಗೆ ಹೋಗಿ ಕೆಳಗೆ ನೋಡುವುದು ಆಳುಗಳ ಮೇಲಿನ ಮುಕಾದಮನಾದ ಅವರ ಕೆಲಸ. ಅವತ್ತು ನೋಡಲಿಲ್ಲ, ನಿಂತಲ್ಲೇ ಸೀಟಿ ಊದಿದರು. ಮೌಲಾಲಿ ಇನ್ನೂ ಕೆಳಗೇ ಇದ್ದ. ಆಚೆ ಅಂಚಿನಲ್ಲಿದ್ದ ನೀನು ಕಂಡಿದ್ದಿ. ಸೀಟಿ ಕೇಳಿದ ಮೇಲೆ ಮೌಲಾಲಿ ತಾನಾಗಿ ಇಳಿದನೆಂದು ಹೇಳು ಎಂದು ಮಾಲೀಕ ಹೇಳಿಕೊಟ್ಟ, ಇವರು ಅದನ್ನೇ ಹೇಳಿದರು. ನೀನು ಒಪ್ಪಲಿಲ್ಲ. ಕಂಡದ್ದನ್ನು ನುಂಗು, ಇಲ್ಲವೇ ಹೊಸ್ತಿಲು ದಾಟು ಎಂದು ಹೊಡೆದು ಹೊರಹಾಕಿದರಂತೆ.

ಮರುದಿನ ಬೆಳಗ್ಗೆ ಅವರು ಜೈತುನ್ಬೀ ಮನೆಗೆ ಹೊರಟರು. ನಾನೂ ಹಿಂದೆ ಹೋದೆ. ಅವಳು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು, ಕುಂದ್ರಿ ಅಣ್ಣ ಎಂದಳು. ಇವರು ಕೂಡ್ರಲಿಲ್ಲ. "ನಾ ಕೆಳಗ ನೋಡ್ಲಾರ್ದ ಸೀಟಿ ಊದೀನಿ, ಜೈತುನ್ಬೀ. ಮೌಲಾಲಿದು ಏನೂ ತಪ್ಪಿಲ್ಲ. ಇಷ್ಟು ದಿನ ಸುಳ್ಳು ಹೇಳೀನಿ" ಎಂದರು. ಅವಳು ಮೊರವನ್ನು ಕೆಳಗಿಟ್ಟಳು. ಅಳಲಿಲ್ಲ, ಬೈಯಲೂ ಇಲ್ಲ. "ನಾಕು ವರ್ಷ ನನ್ನ ಕೂಸಿಗಿ ನಾನೇ ಬೈದೀನಲ್ಲ ಅಣ್ಣ. ಗೋರಿ ಮುಂದ ಕುಂತು ಬೈದೀನಿ. ಅದ ಹ್ಯಾಂಗ ವಾಪಸ್ ತಗೊಳ್ಲಿ?" ಎಂದಳು. ನಾವು ಬಂದುಬಿಟ್ಟೆವು.

ಆ ಶುಕ್ರವಾರ ಮಸೀದಿಯ ಮುಂದೆ ಹಿರಿಯರಿದ್ದಾಗ ನಿಮ್ಮಪ್ಪ ಅದೇ ಮಾತು ಹೇಳಿದರು. ಪೊಲೀಸರಿಗೂ ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಿ ಬಂದರು. ಮಾಲೀಕ ಕೆಲಸದಿಂದ ತೆಗೆದ. ಖಣಿಯ ಮಂದಿಯಲ್ಲಿ ಕೆಲವರು ಇವರನ್ನು ಕಂಡರೆ ದಾರಿ ಬದಲಿಸುತ್ತಾರೆ, ಕೆಲವರು ಈಗ ಯಾಕೆ ಬೇಕಿತ್ತು ಅನ್ನುತ್ತಾರೆ. ಕೇಸು ಚಿತ್ತಾಪುರ ಕೋರ್ಟಿಗೆ ಹೋಗಬಹುದಂತೆ. ಜೈಲಾದರೂ ಆಗಬಹುದು. ಆ ಮಾತು ಬಂದ ರಾತ್ರಿಯೆಲ್ಲ ನಾನು ಎದ್ದು ಕುಳಿತಿರುತ್ತೇನೆ. ಅವರಿಗೆ ಮಾತ್ರ ಎಷ್ಟೋ ದಿನದ ಮೇಲೆ ನಿದ್ದೆ ಬರುತ್ತಿದೆ.

ಜೈತುನ್ಬೀ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಾಲೆಯ ಅಂಗಳಕ್ಕೆ ಬರುತ್ತಾಳೆ, ದೂರ ಕೂಡ್ರುತ್ತಾಳೆ. ನಿನ್ನೆ ಮಾತ್ರ ಬಾವಿಯ ಹತ್ತಿರ ತಾನಾಗಿ ಬಂದು, "ಹೊರಗ ಉಳಿದ ಆ ಹುಡುಗ ಬದುಕ್ತಾನೇನು? ನಿಮ್ಮ ಚಂದ್ರಶಾಗ ಕೇಳಿ ಹೇಳು" ಎಂದು ಕೊಡ ಎತ್ತಿಕೊಂಡು ಹೋದಳು. ಕಥೆಯನ್ನು ನೀನು ಕಟ್ಟುತ್ತೀಯೋ, ಬೇರೆಯವರು ಕಟ್ಟಿದ್ದನ್ನು ನೀನು ಬರೀ ಚಿತ್ರ ಬರೆಯುತ್ತೀಯೋ ನನಗೆ ತಿಳಿಯದು. ನಿನ್ನ ಕೈಯಲ್ಲಿದ್ದರೆ ಆ ಹುಡುಗನನ್ನು ಹಾಗೆ ಬಿಡಬೇಡ. ಕಪ್ತಾನನನ್ನು ಏನು ಮಾಡುತ್ತೀಯೋ ಅದು ನಿನಗೆ ಬಿಟ್ಟದ್ದು.

ಹೊತ್ತಿಗೆ ಸರಿಯಾಗಿ ಉಣ್ಣು. ಬಸ್ಸು, ಮೋಟಾರು ನೋಡಿ ರಸ್ತೆ ದಾಟು. ಬಸವಣ್ಣ ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ.

ನಿನ್ನವ್ವ,
ವಿಮಲಾಬಾಯಿ

ತಾ.ಕ.: ಗಾಡಿಗೆ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈ ಪತ್ರ ಟಪಾಲಿಗೆ ಹಾಕುತ್ತಿಲ್ಲ. ನಿಮ್ಮಪ್ಪನೇ ತರುತ್ತಿದ್ದಾರೆ. ವಾಡಿಯಲ್ಲಿ ಮುಂಬಯಿ ಗಾಡಿ ಹತ್ತಿಸಿ, ನಿನ್ನ ವಿಳಾಸವನ್ನು ಅಂಗಿಯ ಕಿಸೆಗೆ ಪಿನ್ನು ಚುಚ್ಚಿ ಕಳಿಸುತ್ತಿದ್ದೇನೆ. ಕೋರ್ಟಿನಲ್ಲಿ ನೀನು ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಅಪ್ಪನೆಂದು ಒಂದು ಅಕ್ಷರ ಕಡಿಮೆ ಮಾಡಬಾರದು ಎಂದು ಕೇಳಿಕೊಳ್ಳಲು ಬರುತ್ತಿದ್ದಾರೆ. ಅವರಿಗೆ ಮಾತು ಬರದೆ ನಿಂತರೆ ಇರಲಿ ಎಂದು ನಾನು ಬರೆದೆ. ಅವರಿಗೆ ಓದಲು ಬರುವುದಿಲ್ಲ, ಏನು ಬರೆದೆ ಎಂದು ಕೇಳಲೂ ಇಲ್ಲ. ನೀನು ಇದನ್ನು ಓದುವಾಗ ಎದುರಿಗೆ ನಿಂತು ನಿನ್ನ ಮುಖವನ್ನೇ ನೋಡುತ್ತಿರುತ್ತಾರೆ. ಹೇಳುವುದೇನಿದ್ದರೂ ಆಮೇಲೆ ಹೇಳು ಮಗಾ, ಮೊದಲು ಅವರಿಗೆ ಒಂದು ತಂಬಿಗೆ ನೀರು ಕೊಡು.