ಇಕ್ಕಟ್ಟಿನ ಹೊಂಡ

ನೇಸರಗಿ,
೧೪ ನವೆಂಬರ್ ೨೦೨೪

ಸೌಭಾಗ್ಯವತಿ ಗುರುಬಸವ್ವಳಿಗೆ,

ಆಶೀರ್ವಾದಗಳು. ನಾನು ಕ್ಷೇಮ, ರೊಟ್ಟಿ ಮಾತ್ರ ಇನ್ನೂ ದುಂಡಗಾಗುತ್ತಿಲ್ಲ.

ನೀನು ಫೋನ್ ಎತ್ತುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಶ್ರಾವಣದಲ್ಲಿ ಮುನವಳ್ಳಿಯ ನಿನ್ನ ತಂಗಿಯ ಮನೆಗೆ ಹೊರಟಾಗ ನೀನು ಅಂಗಳದಲ್ಲಿ ನಿಂತು ಹೇಳಿದ ಮಾತು ಮರೆತಿಲ್ಲ: "ಲಿಂಗಾ ಹಿಡಿಯೋ ಕೈಲೆ ಉಣಿಸಿ, ಆಮ್ಯಾಲ ಕೊಲ್ಲಾಕ ಕೊಡತೀರೇನ್ರಿ? ಆ ಮೀನ ಮಾರಿದ್ರ ನಾ ಮತ್ತ ಈ ಮನಿಗೆ ಬರೂದಿಲ್ಲ." ಮಾರುವುದಿಲ್ಲ, ಇಕ್ಕಟ್ಟಿನಲ್ಲಿ ಮೀನು ಎಷ್ಟು ಬೆಳೆಯುತ್ತದೆಂಬ ಪರೀಕ್ಷೆ ಮಾತ್ರ ಎಂದೆ. ನೀನು ನಂಬಲಿಲ್ಲ. ಆದ್ದರಿಂದ ಪರೀಕ್ಷೆಯ ವಿವರವನ್ನೇ ಒಪ್ಪಿಸುತ್ತೇನೆ.

ಹೊಲದ ಎರಡು ಹೊಂಡಗಳೂ ಒಂದೇ ಅಳತೆಯವೆಂಬುದು ನಿನಗೆ ಗೊತ್ತು. ಪೂರ್ವದ್ದರಲ್ಲಿ ತಿಲಾಪಿಯಾ ಮರಿಗಳನ್ನು ವಿರಳವಾಗಿ ಬಿಟ್ಟೆ. ಪಶ್ಚಿಮದ್ದರಲ್ಲಿ ಅದರ ಮೂರು ಪಟ್ಟು. ಮೀನೊಂದಕ್ಕೆ ಇಷ್ಟೆಂದು ಎರಡಕ್ಕೂ ಒಂದೇ ಪ್ರಮಾಣದಲ್ಲಿ ತೌಡು, ಶೇಂಗಾ ಹಿಂಡಿ. ಲಿಂಗ ಹಿಡಿಯುವ ಕೈಯಿಂದ ಮೀನು ಮುಟ್ಟದೆ ಅಳೆಯುವುದು ಹೇಗೆ? ಸ್ಟೀಲಿನ ಅಗಲವಾದ ಪರಾತದ ತಳದಲ್ಲಿ ಸೆಂಟಿಮೀಟರ್ ಗೆರೆಗಳನ್ನು ಕೊರೆದು, ಮೇವಿಟ್ಟು, ಹಗ್ಗದಿಂದ ಗೇಣು ಆಳಕ್ಕೆ ಇಳಿಬಿಟ್ಟೆ. ಉಣ್ಣಲು ಬಂದ ಮೀನಿನ ಉದ್ದ ಗೆರೆಗಳ ಮೇಲೆಯೇ ಕಾಣುತ್ತದೆ. ಪರಾತವನ್ನು ಯರಗಟ್ಟಿಯಲ್ಲಿ ಹೊಸದಾಗಿ ಕೊಂಡೆ, ನಿನ್ನ ಅಡುಗೆಮನೆಯದಲ್ಲ.

ದಸರೆಯ ಹೊತ್ತಿಗೆ ಪೂರ್ವದವು ಅಂಗೈಯುದ್ದ ಬೆಳೆದವು, ಪಶ್ಚಿಮದವು ಬೆರಳುದ್ದದಲ್ಲೇ ನಿಂತವು. ಹಸಿವಿರಬೇಕೆಂದು ಭಾವಿಸಿದೆ. ನಮ್ಮ ಪಂಕ್ತಿಯಲ್ಲಿ ತಾಟು ಖಾಲಿ ಕಂಡರೆ ಬಡಿಸದೆ ಮುಂದೆ ಹೋಗುವವರುಂಟೆ? ಬೆಳಗಿನ ಜಾವ ಅವು ನೀರಿನ ಮೇಲೆ ಬಾಯಿ ತೆರೆದು ನಿಂತಾಗ, ಮತ್ತೆ ಕೇಳುತ್ತಿವೆಯೆಂದು ಇನ್ನಷ್ಟು ಸುರಿದೆ. ನಮ್ಮ ಪಾಲುಗಾರ ಲಗಮಪ್ಪ ನಕ್ಕ: "ಮಾಸ್ತರ್ರ, ಬೀಗರಿಗೆ ಬಡಿಸಿದಂಗ ಬಡಸಾಕ ಹತ್ತೀರಲ್ರಿ! ಇನ್ನ ಎಲಿ-ಅಡಿಕಿ ಒಂದ ಬಾಕಿ ಐತಿ ನೋಡ್ರಿ."

ನೀರು ದಟ್ಟ ಹಸಿರಾಗಿ ನಾರತೊಡಗಿತು. ಕೆಲವು ಸತ್ತು ತೇಲಿದವು. ಆಗ ತಿಳಿಯಿತು, ಅವು ಬಾಯಿ ತೆರೆದದ್ದು ಮೇವಿಗಲ್ಲ, ಉಸಿರಿಗೆ. ಉಳಿದ ಮೇವು ಕೊಳೆತು ನೀರಿನ ಪ್ರಾಣವಾಯುವನ್ನು ಹೀರಿತ್ತು. ನೀರು ಬದಲಿಸಿದೆ, ಪರಾತದಲ್ಲಿ ಎಷ್ಟು ಉಳಿಯಿತೆಂದು ನೋಡಿ ಮರುದಿನದ ಮೇವನ್ನು ತಗ್ಗಿಸಿದೆ. ಸೋಜಿಗ ನೋಡು, ಕಡಿಮೆ ಉಂಡು ಹೆಚ್ಚು ಬೆಳೆದವು! ಆದರೂ ಪೂರ್ವದವುಗಳ ಸಮಕ್ಕೆ ಬರಲಿಲ್ಲ. ಮೇವು ಎಷ್ಟೇ ಸರಿಯಾದರೂ ಇಕ್ಕಟ್ಟು ಇಕ್ಕಟ್ಟೇ.

ಈಗ ಪೂರ್ವದ ಹೊಂಡವೇ ನನ್ನನ್ನು ಬೆರಗುಗೊಳಿಸಿದೆ. ಕೆಲವು ದೊಡ್ಡ ಮೀನುಗಳು ಪರಾತದ ಬಳಿ ಬಂದರೂ ಮೇವು ಮುಟ್ಟುತ್ತಿರಲಿಲ್ಲ. ರೋಗವೆಂದುಕೊಂಡೆ. ರೋಗವಲ್ಲ; ತಾಯಿ ಮರಿಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸವಿದೆ! ಜೀವಮಾನವಿಡೀ ವಿಜ್ಞಾನ ಕಲಿಸಿದ ನನಗೆ ಇದು ಗೊತ್ತಿರಲಿಲ್ಲ. ದಂಡೆಯ ನೀರೆಲ್ಲ ಮರಿಗಳಿಂದ ಕಪ್ಪಾಗಿದೆ. ಹೀಗೆ ಬಿಟ್ಟರೆ ಈ ಹೊಂಡವೂ ತುಂಬಿ, ಇವೂ ಉಸಿರುಗಟ್ಟಿ ಸಾಯುತ್ತವೆ. ತೆಗೆದರೆ ಮಾರಬೇಕು, ಮಾರಿದರೆ ನೀನು ಬರುವುದಿಲ್ಲ.

ನಿರ್ಧಾರ ನಿನ್ನದು. ನೀನು ಹೇಳುವವರೆಗೆ ವ್ಯಾಪಾರಿಯನ್ನು ಕರೆಯುವುದಿಲ್ಲ.

ಇತಿ ನಿನ್ನ,
ಅಂದಾನೆಪ್ಪ

ತಾ.ಕ.: ವ್ಯಾಪಾರಿಯನ್ನು ಕರೆಯುವುದಿಲ್ಲವೆಂದ ಮೇಲಿನ ಸಾಲು ಪೂರ್ಣ ಸತ್ಯವಲ್ಲ. ಮೀನಿನ ಬಾಯೊಳಗೆ ಹೇಗೆ ನೋಡಿದಿರೆಂದು ನೀನು ಕೇಳದೆ ಬಿಡುವವಳಲ್ಲ. ವ್ಯಾಪಾರಿ ಸುನೀಲನನ್ನು ನಿನ್ನೆಯೇ ಕರೆಸಿದ್ದೆ. ಬಲೆ ಎಳೆದು ತಕ್ಕಡಿಗೆ ಹಾಕುವಷ್ಟರಲ್ಲಿ ಒಂದರ ಬಾಯಿಂದ ಮರಿಗಳು ಉದುರಿದವು. ಅದನ್ನು ಈ ಕೈಯಿಂದಲೇ ಎತ್ತಿ ನೀರಿಗೆ ಬಿಟ್ಟೆ, ಉಳಿದವನ್ನೂ ಬಿಡಿಸಿದೆ. "ಹಿಂಗ ಬಿಟ್ಕೋಂತ ಹೋದ್ರ, ಸರ್, ನೀವು ಒಂದ ಕೆರಿನ ತೋಡಬೇಕಾಕೈತ್ರಿ" ಎಂದು ನಗುತ್ತ ಹೋದ. ಸೋಮವಾರ ಮತ್ತೆ ಬರುತ್ತಾನೆ. ಹೂಂ ಎನ್ನಲೂ ಒಲ್ಲೆ ಎನ್ನಲೂ ನನ್ನಿಂದಾಗದು. ಅವನು ಬರುವ ಮುಂಚೆ ನೀನು ಬಾ.